ಪ್ರತಿ ಏಪ್ರಿಲ್‌ನ ಗ್ಯಾಸು

ನನ್ನ ಕಾರಿನ ಎ.ಸಿ. ಮೆಕ್ಯಾನಿಕ್ಕನನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ವಡಪಳನಿಯಲ್ಲಿ ನಮ್ಮ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಅವನ ಶೆಡ್ಡು. ಪ್ರತಿ ಏಪ್ರಿಲ್‌ನಲ್ಲಿ ಎ.ಸಿ. ಬಿಸಿಗಾಳಿ ಉಗುಳಲು ಶುರುಮಾಡಿದೊಡನೆ ಅಲ್ಲಿಗೆ ಓಡುತ್ತಿದ್ದೆ. ಅವನು ಉಳಿದ ಗ್ಯಾಸನ್ನು ಪುಸ್ಸೆಂದು ಗಾಳಿಗೆ ಬಿಟ್ಟು, ಹೊಸದು ತುಂಬಿ, ಕೈ ಒರೆಸಿಕೊಳ್ಳುತ್ತಿದ್ದ. ಅರ್ಧ ಗಂಟೆಯ ಕೆಲಸ.

ನನಗೆ ಅನುಮಾನವೇ ಬರಲಿಲ್ಲ. ಉಡುಪಿ ಕಡೆಯಿಂದ ಈ ತಮಿಳರ ಊರಿಗೆ ಬಂದು ಮೂರು ತಲೆಮಾರಿನಿಂದ ಹೋಟೆಲು ನಡೆಸುವವರು ನಾವು. ಗ್ಯಾಸು ಎಂದರೆ ನಮಗೆ ಸಿಲಿಂಡರು. ಉರಿಸಿದರೆ ಮುಗಿಯುತ್ತದೆ, ಮುಗಿದರೆ ತುಂಬಿಸಬೇಕು. ಅಡುಗೆಮನೆಯಲ್ಲಿ ಸಿಲಿಂಡರು ಬದಲಿಸಿದಾಗೆಲ್ಲ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಒಂದು ಗುಳ್ಳೆ ಎದ್ದರೂ ಭಟ್ಟರ ಮೇಲೆ ಹಾರಾಡುವವನು ನಾನು. ಕಾರಿನ ವಿಷಯದಲ್ಲಿ ಮಾತ್ರ ಶುದ್ಧ ಪೆದ್ದ. ಆರು ವರ್ಷ ಹೀಗೇ ಕಳೆಯಿತು.

ಕಳೆದ ಮೇ ತಿಂಗಳಲ್ಲಿ ಅಮ್ಮನಿಗೆ ಹೃದಯದ ಆಪರೇಷನ್ ಆಯಿತು. ಮನೆಗೆ ಕರೆದೊಯ್ಯುವಾಗ ಸೆಖೆ ತಾಗಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಡಿಸ್ಚಾರ್ಜಿನ ಹಿಂದಿನ ದಿನ ನೋಡಿದರೆ, ಏಪ್ರಿಲ್‌ನಲ್ಲಿ ತುಂಬಿಸಿದ ಗ್ಯಾಸು ಆಗಲೇ ಖಾಲಿ! ಸಿಟ್ಟಿನಿಂದ ಕೋಡಂಬಾಕ್ಕದ ದೊಡ್ಡ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಇಂಜಿನಿಯರ್ ಮೈಸೂರಿನ ಹೆಂಗಸು. ಬಾನೆಟ್ ಎತ್ತಿ ನೋಡಿ, ವರ್ಷವರ್ಷವೂ ಗ್ಯಾಸು ತುಂಬಿಸಿದ ಕತೆ ಕೇಳಿ, ನನ್ನನ್ನೇ ದುರುಗುಟ್ಟಿ ನೋಡಿದಳು.

"ಎ.ಸಿ. ಗ್ಯಾಸು ಖರ್ಚಾಗೋದೇ ಇಲ್ಲ ಸಾರ್, ಅಲ್ಲೇ ಸುತ್ತುತ್ತಾ ಇರತ್ತೆ. ಕಮ್ಮಿ ಆಗಿದೆ ಅಂದ್ರೆ ಪೈಪು ತೂತು. ನೀವು ತುಂಬಿಸಿದ್ದೆಲ್ಲ ಗಾಳಿಗೆ ಹೋಗಿದೆ. ಕಾರಿನ ಹೊಗೆಗಿಂತ ಎಷ್ಟೋ ಪಾಲು ಹೆಚ್ಚು ಬಿಸಿ ಹಿಡ್ಕೊಳ್ಳತ್ತೆ ಅದು. ಊರು ಬೇಯ್ತಿದೆ ಅಂತ ಶಾಪ ಹಾಕೋರೂ ನೀವೇ!"

ಎಣ್ಣೂರಿನ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಬಾಯಿತುಂಬ ಬೈಯುವ ನನಗೆ ಮುಖಕ್ಕೆ ಹೊಡೆದಂತಾಯಿತು. ರಿಪೇರಿಗೆ ಎಷ್ಟು ಹೊತ್ತು ಎಂದೆ. "ಉಳಿದಿರೋ ಚೂರು ಗ್ಯಾಸನ್ನ ಗಾಳಿಗೆ ಬಿಡದೆ ಮೆಷಿನ್ನಿಗೆ ಎಳ್ಕೊಂಡು, ಪೈಪು ತರಿಸಿ ಹಾಕ್ಬೇಕು. ಮೂರು ದಿನ ಬಿಡಿ."

ಮೂರು ದಿನ! ಬೆಳಿಗ್ಗೆ ಅಮ್ಮ ಮನೆಗೆ ಬರಬೇಕು. ಕ್ಯಾಬ್‌ನವರನ್ನು ನಂಬುವ ಹಾಗಿಲ್ಲ; ಹತ್ತಿ ಕೂತ ಮೇಲೆ ಎ.ಸಿ. ಕೆಟ್ಟಿದೆ ಎನ್ನುತ್ತಾರೆ, ಹಾಳಾದವರು. ನೇರ ಹಳೆಯ ಶೆಡ್ಡಿಗೆ ಹೋಗಿ ಗಂಟಲು ಹರಿಯುವಂತೆ ಕೂಗಾಡಿದೆ. "ಕಳ್ಳ! ಆರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೋ!"

ಅವನು ದನಿ ಏರಿಸದೆ, ತಮಿಳು ಬೆರೆತ ಕನ್ನಡದಲ್ಲಿ ಹೇಳಿದ: "ಮೊದಲ ವರುಷಮೇ ಹೇಳಿದೆನ್ ಸಾರ್, ಪೈಪು ಲೀಕು, ಗಾಡಿ ಬಿಟ್ಟು ಹೋಗಿ ಅಂತ. ನೀವೇ ಟೈಮಿಲ್ಲ, ಗ್ಯಾಸ್ ಮಟ್ಟುಂ ಪೋಡು ಅಂದ್ರಿ."

ಅಂದಿದ್ದೆ. ಒಂದು ಕಾಲು ಕಾರಿನಲ್ಲಿಟ್ಟು, ಕಿವಿಗೆ ಫೋನು ಹಚ್ಚಿ, ಗ್ಯಾಸು ಮಾತ್ರ ಹಾಕು ಎಂದು ನಾನೇ ಅಂದಿದ್ದೆ. ಥೂ, ನನ್ನ ಬಾಯಿಗಿಷ್ಟು! ಅವನ ನೆನಪಿನ ಶಕ್ತಿಯ ಮೇಲೆ ಇನ್ನೂ ಸಿಟ್ಟು ಬಂತು.

"ಇಪ್ಪೋ ಏನು ಮಾಡೋಣ ಸಾರ್?"

"ಗ್ಯಾಸ್ ಹಾಕು," ಎಂದೆ.

ಮರುದಿನ ಕಾರು ಫ್ರಿಜ್ಜಿನಂತಿತ್ತು. ದಾರಿಯುದ್ದಕ್ಕೂ ನಾನು ಮೆಕ್ಯಾನಿಕ್ಕನನ್ನು ಬೈಯುತ್ತಲೇ ಇದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು, "ಹಿತ ಆಯ್ತು ಮಾರಾಯ. ಪಾಪ, ಆ ಮೆಕ್ಯಾನಿಕ್ಕಿಗೆ ಬೈಬೇಡ" ಎಂದಳು. ಸಿಗ್ನಲ್ಲಿನಲ್ಲಿ ಅವಳದೇ ವಯಸ್ಸಿನ ಮುದುಕಿಯೊಬ್ಬಳು ಉರಿಬಿಸಿಲಲ್ಲಿ ಮಲ್ಲಿಗೆ ಹಿಡಿದು ಬಂದು ಗಾಜು ತಟ್ಟಿದಳು. ಸೆಖೆ ಒಳಗೆ ಬಂದೀತೆಂದು ನಾನು ಗಾಜು ಇಳಿಸಲಿಲ್ಲ.