ಸೋನಿಬಾಯಿಯ ಎರಡನೆಯ ರಕ್ತಪರೀಕ್ಷೆ

ಸೂಜಿ ಚುಚ್ಚಿದ್ದು ಸೋನಿಬಾಯಿಗೆ, ಬಿದ್ದವನು ನಾನು. ಧೈರ್ಯ ಹೇಳಲೆಂದು ಆಸ್ಪತ್ರೆಗೆ ಜೊತೆಯಾಗಿ ಹೋಗಿದ್ದೆ. ಕಣ್ಣು ಬಿಟ್ಟಾಗ ತಲೆಯ ಕೆಳಗೆ ಅವಳ ಮಣಿಸರದ ಚೀಲ, ಕೈಯಲ್ಲಿ ನರ್ಸ್ ಕೊಟ್ಟ ಗ್ಲುಕೋಸ್ ಬಿಸ್ಕತ್ತು.

“ರಕ್ತ ನಂದು ತಗದಾರ್ರಿ ಅಣ್ಣಾ, ನೀವ್ಯಾಕ ಬಿದ್ರಿ?”

ನಾನು ಪಣಜಿಯ ಸ್ಟೇಷನರಿ ಅಂಗಡಿಯ ಗುಮಾಸ್ತ. ಗೋವಾಕ್ಕೆ ದುಡಿಯಲು ಬಂದ ನಮ್ಮ ಕಡೆಯವರ ಅರ್ಜಿ ತುಂಬುವುದು, ಡಾಕ್ಟರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುವುದು ನನ್ನ ಸಮಾಜಸೇವೆ. ಇಳಿಸುವಾಗ ಅರ್ಧ ಸೋರಿಹೋಗುತ್ತದೆ.

ಸೋನಿಬಾಯಿಗೆ ಮಾತ್ರ ಏನೂ ಸೋರುವುದಿಲ್ಲ. ಬೀಚಿನಲ್ಲಿ ಸರ ಮಾರುತ್ತ ರಷ್ಯನ್ ಭಾಷೆಯಲ್ಲೂ ಚೌಕಾಶಿ ಮಾಡುತ್ತಾಳೆ. ಗಂಡ ಠಾಕಪ್ಪನಿಗೆ ಸಾಂಕೋಲೆಯ ಕಟ್ಟಡಗಳಲ್ಲಿ ಗೌಂಡಿ ಕೆಲಸ.

ಹೋದ ವರ್ಷ ಅವಳ ಚೊಚ್ಚಲ ಬಸಿರಿನಲ್ಲಿ, ಪೇಪರಿನಲ್ಲಿ ಏನೋ ಓದಿದ್ದ ಜಾಣತನಕ್ಕೆ, ರಕ್ತ ಹೆಪ್ಪುಗಟ್ಟುವ ದೋಷದ ಟೆಸ್ಟನ್ನೂ ಮಾಡಿಬಿಡಿ ಎಂದು ಡಾಕ್ಟರಮ್ಮನಿಗೆ ಹೇಳಿದ್ದೆ. ಆರೋಗ್ಯವಾಗಿರುವ ಚೊಚ್ಚಲ ಬಸುರಿಗೆ ಅದನ್ನು ಮಾಡುವುದಿಲ್ಲ, ಏನೂ ಆಗದವರಲ್ಲೂ ದೋಷ ತೋರಿಸಿ ಸುಮ್ಮನೆ ಹೆದರಿಸುತ್ತದೆ ಎಂದರು. ನಾನು ಇಳಿಸಿದೆ: “ನೀ ಗಟ್ಟಿ ಇದ್ದಿ ಅಂತ, ತಂಗಿ.”

ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಟೆಸ್ಟ್ ಮಾಡಿದರು. ಅವಳ ಮೈ ತಾನೇ ಹುಟ್ಟಿಸಿಕೊಂಡ ಏನೋ ಒಂದು ರಕ್ತವನ್ನು ಗಡ್ಡೆ ಕಟ್ಟಿಸುತ್ತಿದೆಯಂತೆ. ಖಚಿತವಾಗಲು ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು.

ಬಯ್ಯಲು ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಹೇಳಿದ್ದು ನೂರಾರು ಚೊಚ್ಚಲ ಬಸುರಿಯರಿಗೆ ಸರಿಯೇ ಇತ್ತು.

ಮಳೆಗಾಲಕ್ಕೆ ಬೀಚಿನ ಸೀಸನ್ ಮುಗಿದು ಅವಳ ಜನರೆಲ್ಲ ಊರಿಗೆ ಹೋದರು. ಆ ಟೆಸ್ಟಿಗಾಗಿ ಇವಳು ಉಳಿದಳು. ಕೂಸಿನ ನಡುವಿಗೆಂದು ಪೋಣಿಸಿಟ್ಟಿದ್ದ ಕರಿಮಣಿ ದಾರವನ್ನು ಸೀಸನ್ನಿನ ಕೊನೆಯ ದಿನ ಒಬ್ಬ ವಿದೇಶಿ ಹೆಂಗಸಿನ ಮುಂಗೈಗೆ ಕಟ್ಟಿ ಮಾರಿದಳಂತೆ.

“ಎರಡ ಸುತ್ತ ಬರೋಬರಿ ಆತ್ರಿ,” ಎಂದಳು.

ಆ ಎರಡನೆಯ ಟೆಸ್ಟಿಗೆ ಹೋಗಿ ನಾನು ಬಿದ್ದು ಬಿಸ್ಕತ್ತು ತಿಂದ ದಿನದಿಂದ ವಾರ ಕಳೆದು ಫಲಿತಾಂಶ ಬಂತು. ಮತ್ತೆ ಅದೇ. ಇನ್ನೊಮ್ಮೆ ಬಸಿರಾದರೆ ದಿನಾ ಹೊಟ್ಟೆಗೆ ಸೂಜಿ, ಜೊತೆಗೆ ಗುಳಿಗೆ. ಕೂಸು ಉಳಿಯಬಹುದು, ಖಾತರಿ ಇಲ್ಲ. ಈ ಸಲ ನಾನು ಒಂದಕ್ಷರವನ್ನೂ ಸೋರಗೊಡಲಿಲ್ಲ. ಠಾಕಪ್ಪ ಸಿಮೆಂಟು ಮೆತ್ತಿದ ಚಪ್ಪಲಿ ನೋಡುತ್ತ, “ಸಾಕ್ ಬಿಡ, ನನಗ ನೀ ಉಳದ್ರ ಸಾಕು,” ಎಂದ. ಅವಳು ಅವನ ಕಡೆ ತಿರುಗಲಿಲ್ಲ.

ಅಂದು ಡಾಕ್ಟರಮ್ಮ ರಜೆ. ಇದನ್ನೆಲ್ಲ ಹೇಳಿದ್ದು ಅವರ ಬದಲಿಗೆ ಕುಳಿತಿದ್ದ ಹೊಸ ಡಾಕ್ಟರು. ಅವರು ಕಾಗದ ಮಗುಚಿ, ತಲೆಯೆತ್ತದೆ ಇಂಗ್ಲಿಷಿನಲ್ಲಿ ಏನೋ ಕೇಳಿದರು.

ನಾನು ಇಳಿಸಿದೆ: “ಚೊಚ್ಚಲದಾಗ ಇದಕ್ಕ ಯಾವ ಟೆಸ್ಟೂ ಆಗಿರ್ಲಿಲ್ಲೇನು ಅಂತ ಕೇಳಾಕತ್ತಾರ.”

“ಆ ಕೂಸೇ ಟೆಸ್ಟ್ ಆತು ಅಂತ ಹೇಳ್ರಿ ಅಣ್ಣಾ.”