ಬಿರುಗಾಳಿ ಕಂಡು ಬಂದ ಕಾಕಾ

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮುಂಬಯಿಯ ಹಡಗುಗಳಲ್ಲಿ ಖಲಾಸಿಯಾಗಿ ದುಡಿದು ಬಂದವರು. ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯುತ್ತಿದ್ದರು. ಯಾರು ಏನೇ ಕಷ್ಟ ಹೇಳಿಕೊಂಡರೂ, "ತಡೀರಿ, ಬೀಸೋ ಗಾಳಿಗೂ ಕೈ ಸೋಲತೈತಿ" ಎನ್ನುತ್ತಿದ್ದರು.

ಅದು ಯುದ್ಧದ ಕಾಲ. ನಮ್ಮ ಯಜಮಾನರೂ ಹಡಗಿನ ಕೆಲಸಕ್ಕೆ ಹೋಗಿದ್ದರು; ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಸಮುದ್ರದಲ್ಲಿ ದೊಡ್ಡ ಬಿರುಗಾಳಿ ಎದ್ದಿದೆ ಎಂಬ ಸುದ್ದಿ ಪೇಟೆಯಿಂದ ಬಂದ ದಿನ ಅತ್ತೆ ಊಟ ಬಿಟ್ಟರು. ಮರುದಿನ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತು, ಪರಾತದಲ್ಲಿ ನೀರು ತರಿಸಿ ಮೆಲ್ಲಗೆ ಊದಿದರು.

"ನೋಡ್ರಿ ಅಕ್ಕಾರ, ಮೊದ್ಲ ಸಣ್ಣ ಸುಕ್ಕು ಏಳತಾವು. ಆ ಸುಕ್ಕು ಹಿಡ್ಕೊಂಡು ಗಾಳಿ ನೀರನ್ನ ನೂಕತೈತಿ. ತೆರಿ ಬೆಳದಂಗ ಗಾಳಿಗೆ ಹಿಡಿಯಾಕ ಇನ್ನಷ್ಟು ಜಾಗಾ ಸಿಗತೈತಿ."

"ಹಂಗಾದ್ರ ಬೆಳಕೊಂತನ ಹೋಗತಾವೇನು?" ಅತ್ತೆ ಕೇಳಿದರು.

"ಇಲ್ರಿ. ನಾ ಕಣ್ಣಾರೆ ಕಂಡೇನಿ. ಗಾಳಿ ಅತೀ ಆದ್ರ ತೆರಿ ತಲೀನ ಹಾರಿಸಿ ಒಗೀತೈತಿ. ಸಮುದ್ರೆಲ್ಲ ಬೆಳ್ಳಗ ನೊರಿ ಆಗತೈತಿ, ಅದರ ಮ್ಯಾಲೆ ಗಾಳಿ ಹಿಡಿತ ಜಾರತೈತಿ, ತೆರಿ ಮೊದಲಿನಂಗ ಬೆಳಿಯೂದಿಲ್ಲ. ಆ ನೊರಿಯೊಳಗಿಂದನ ನಾವು ಪಾರಾಗಿ ಬಂದ್ವಿ."

ಅತ್ತೆ ಆ ನೀರಿನ ಮೇಲೆ ತಾವೂ ಒಮ್ಮೆ ಊದಿ ನೋಡಿದರು. ಆಮೇಲೆ ನನ್ನನ್ನು ಕರೆದು ರೊಟ್ಟಿ ಬಡಿಯಲು ಹೇಳಿದರು. ಅಂದಿನಿಂದ ಕಾಕಾ ದಿನಾ ಬಂದು, ಅತ್ತೆ ಉಂಡು ಮುಗಿಸುವವರೆಗೂ ಕಟ್ಟೆಯ ಮೇಲೆ ಕೂಡುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಮುಂಜಾನೆ ನಮ್ಮವರು ಟ್ರಂಕು ಹೊತ್ತು ಬಾಗಿಲಿಗೆ ಬಂದರು. ಕಾಕಾ ಬಂದು ನಮ್ಮವರ ಎರಡೂ ಭುಜ ಹಿಡಿದು ನಿಂತರು. ಮಧ್ಯಾಹ್ನ ಇಬ್ಬರೂ ಉಣ್ಣಲು ಕುಳಿತಾಗ ಅತ್ತೆ ಮೊದಲ ಬಿಸಿ ರೊಟ್ಟಿಯನ್ನು ಕಾಕಾರ ತಾಟಿಗೆ ಹಾಕಿ, ಆಮೇಲೆ ಮಗನ ಕಡೆ ತಿರುಗಿದರು.