ಮಗಳನ್ನು ಸೋಲಿಸಲು ಹೊರಟ ಅಪ್ಪ

ಬೆಳಕು ಇನ್ನೂ ಹರಿದಿಲ್ಲ. ಬಸ್ ಡಿಪೋದ ಹಿಂಭಾಗದ ಸಿಮೆಂಟಿನ ಅಂಗಳದಲ್ಲಿ ಸೋಪಿನ ನೊರೆಯೂ ಡೀಸೆಲ್ಲೂ ಬೆರೆತು ಹರಿಯುತ್ತಿದೆ. ಬಸ್ಸು ತೊಳೆಯುವ ಈ ಅಪ್ಪ ತನಗಿಂತ ಎತ್ತರದ ಬ್ರಷ್ಷಿನಿಂದ ಬಸ್ಸಿನ ಬೆನ್ನು ತಿಕ್ಕುತ್ತಿದ್ದಾರೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರೂ ಸೊಂಟದವರೆಗೆ ಒದ್ದೆ. ಆಗಾಗ ಬ್ರಷ್ಷು ಒರಗಿಸಿ, ಪಕ್ಕದಲ್ಲಿ ನಿಂತಿರುವ ಬಸ್ಸಿನ ಕಿಟಕಿಯನ್ನು ಬೆರಳ ಗಿಣ್ಣಿನಿಂದ ಬಡಿಯುತ್ತಾರೆ.

"ಏಳು ಕಂದ. ಮಲಗ್ಬೇಡ."

ಒಳಗೆ ಡ್ರೈವರ್ ಸೀಟಿನಲ್ಲಿ ಅವರ ಒಂಬತ್ತು ವರ್ಷದ ಮಗಳು ಕೂತಿದ್ದಾಳೆ. ತಲೆ ಸ್ಟೀರಿಂಗಿನ ಮೇಲೆ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಡಿಪೋದಲ್ಲಿ ಅವಳ ಹೆಸರು ಇನ್‌ಸ್ಪೆಕ್ಟರ್. ರಜೆಯ ದಿನ ಅಪ್ಪನ ಜೊತೆ ಬಂದರೆ ಎಲ್ಲ ಬಸ್ಸಿನ ಬಾಗಿಲೂ ಎಳೆದು ನೋಡುತ್ತಾಳೆ, ಕನ್ನಡಿಯಲ್ಲಿ ಕಲೆ ಕಂಡರೆ "ಕೊಳೆ" ಎಂದು ತೀರ್ಪು ಕೊಟ್ಟು ಮುಂದಿನ ಬಸ್ಸಿಗೆ ಹೋಗುತ್ತಾಳೆ. ಇವತ್ತು ತೀರ್ಪಿಲ್ಲ.

"ಏನ್ ಇನ್‌ಸ್ಪೆಕ್ಟರ್ ಮೇಡಂ, ನೈಟ್ ಡ್ಯೂಟಿ ಹಾಕಿದ್ರಾ?" ಮೊದಲ ಟ್ರಿಪ್ಪಿಗೆ ಬಂದ ಹಿರಿಯ ಡ್ರೈವರ್ ಕೇಳುತ್ತಾರೆ. ಅವಳ ಮುಖ ಬಗ್ಗಿ ನೋಡಿ ಅಪ್ಪನ ಕಡೆ ತಿರುಗುತ್ತಾರೆ. "ಕಣ್ಣು ನೋಡಯ್ಯ, ಹೇಗೆ ಕೆಂಪಗಾಗಿದೆ. ಹಿಂದಿನ ಸೀಟಲ್ಲಿ ಮಲಗಿಸ್ಬಾರ್ದಾ?"

"ಇವತ್ತು ಮಲಗೋ ಹಾಗಿಲ್ಲಣ್ಣ. ಮೀಟಿಂಗಿದೆ."

ಬೆಳಗ್ಗೆ ಹತ್ತಕ್ಕೆ ಶಾಲೆಯಲ್ಲಿ ಮೀಟಿಂಗು. ಮಗಳಿಗೆ ತರಗತಿಯಲ್ಲಿ ಸಹಾಯಕಿ ಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಸಹಾಯಕಿ ಸಿಗಬೇಕಾದರೆ ಮಗಳು ಸೋಲಬೇಕು. ಅದಕ್ಕೇ ಅವಳ ನಿದ್ದೆ ಕೆಡಿಸಿ ಕರೆತಂದಿದ್ದಾರೆ. ತಿಂಡಿಯನ್ನೂ ಕೊಟ್ಟಿಲ್ಲ. ತಾವೂ ತಿಂದಿಲ್ಲ. ಅದನ್ನು ಅವರು ಹೇಳಿಕೊಳ್ಳಲಿಲ್ಲ. ಡ್ರೈವರ್ ತಂದ ಚಹಾ ಬಾನೆಟ್ಟಿನ ಮೇಲೇ ಆರಿಹೋಯಿತು.

ಮೂರು ವರ್ಷ ತುಂಬಿದರೂ ಮಗಳು ಮಾತಾಡದಿದ್ದಾಗ ಶುರುವಾದ ಓಡಾಟ ಇದು. ಮೊದಲ ಡಾಕ್ಟರು "ಮಾತು ತಡ" ಎಂದರು. ಎರಡನೆಯವರು "ಬುದ್ಧಿ ಬೆಳವಣಿಗೆ ಕುಂಠಿತ" ಎಂದು ಬರೆದರು. ಮೂರನೆಯವರು ಅದನ್ನು ಹೊಡೆದುಹಾಕಿ "ಆಟಿಸಂ" ಎಂದರು. "ಹುಟ್ಟಿದಾಗ ನಾವು ಒಂದೇ ಹೆಸರಿಟ್ಟಿದ್ವಿ. ಆಮೇಲೆ ಇವರೆಲ್ಲ ಇಟ್ಟಿದ್ದೇ ಇಟ್ಟಿದ್ದು," ಎನ್ನುತ್ತಾರೆ ಅಪ್ಪ. ನಗುತ್ತಲೇ ಹೇಳುತ್ತಾರೆ. ನಗು ಬಾಯಿಂದ ಮೇಲೆ ಹೋಗುವುದಿಲ್ಲ.

ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾರೆ. ಮೊದಲ ಮೀಟಿಂಗಿಗೆ ಹೋದದ್ದು ಅವರೇ. ಅಲ್ಲಿ ಕಣ್ಣೀರು ತಡೆಯಲಾಗಲಿಲ್ಲ. ವರದಿಯಲ್ಲಿ "ತಾಯಿ ಭಾವೋದ್ವೇಗಿ, ಸಹಕಾರ ಕಡಿಮೆ" ಎಂದು ಬರೆದುಕೊಂಡರು. "ಅಳದೇ ಕೂತಿದ್ರೆ ತಾಯಿಗೆ ಕಾಳಜಿ ಇಲ್ಲ ಅಂತ ಬರೀತಿದ್ರು," ಎನ್ನುತ್ತಾರೆ ಅಮ್ಮ. ಅಂದಿನಿಂದ ಅಪ್ಪ ಹೋಗುತ್ತಾರೆ. ಹೋದಾಗಲೆಲ್ಲ ಮೊದಲ ಪ್ರಶ್ನೆ: "ತಾಯಿ ಬಂದಿಲ್ವಾ?"

ಮೂರನೆಯ ಹೆಸರಿನಿಂದ ಒಂದು ಒಳ್ಳೆಯದಾಯಿತು. ತರಗತಿಯಲ್ಲಿ ಮಗಳ ಪಕ್ಕ ಕೂರಲು ಒಬ್ಬ ಸಹಾಯಕಿ ಬಂದರು. ಮಗಳು ಅವರನ್ನು "ಜೊತೆ ಅಕ್ಕ" ಎಂದು ಕರೆದಳು. ಗಂಟೆ ಹೊಡೆಯುವ ಮೊದಲೇ ಜೊತೆ ಅಕ್ಕ ಅವಳ ಕಿವಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಗಲಾಟೆ ಹೆಚ್ಚಾದರೆ ಹೊರಗೆ ಕರೆದೊಯ್ದು ಒಂದು ಸುತ್ತು ಹಾಕಿಸಿ ತರುತ್ತಿದ್ದರು. ದೊಡ್ಡ ವಿದ್ಯೆಯೇನಲ್ಲ. ಆದರೆ ಬಾಯಿ ಬಿಡದಿದ್ದ ಹುಡುಗಿ ಎರಡು ವರ್ಷದಲ್ಲಿ ಪುಸ್ತಕ ಓದತೊಡಗಿದಳು.

ಹೋದ ವರ್ಷ ಮರುಪರಿಶೀಲನೆಗೆ ಕರೆದರು. ಅಪ್ಪನಿಗೆ ಅದು ಪರೀಕ್ಷೆ ಎಂದೇ ಅನ್ನಿಸಿತು. ಯಾವ ಅಪ್ಪನಿಗೆ ಅನ್ನಿಸುವುದಿಲ್ಲ? ವಾರವಿಡೀ ಕೂರಿಸಿಕೊಂಡು ಬಣ್ಣ, ತಿಂಗಳು, ಮನೆ ವಿಳಾಸ ಎಲ್ಲ ಬಾಯಿಪಾಠ ಮಾಡಿಸಿದರು. ಹೊಸ ಫ್ರಾಕು ಹಾಕಿ, ಎರಡು ಜಡೆ ಹೆಣೆಸಿ ಕರೆದೊಯ್ದರು. ಅವಳು ಕೇಳಿದ್ದಕ್ಕೆಲ್ಲ ಟಕಟಕ ಉತ್ತರಿಸಿದಳು. ಶಿಕ್ಷಣ ಇಲಾಖೆಯ ಅಧಿಕಾರಿ ಅವಳ ಬೆನ್ನು ತಟ್ಟಿದರು. ಕಾಗದದಲ್ಲಿ "ತೀವ್ರ" ಇದ್ದದ್ದು "ಸೌಮ್ಯ" ಆಯಿತು. ಮುಂದಿನ ವಾರ ಜೊತೆ ಅಕ್ಕ ಬೇರೆ ಶಾಲೆಗೆ ಹೋದರು.

"ನಾನು ಮನೆಗೆ ಸ್ವೀಟ್ ತಗೊಂಡು ಹೋಗಿದ್ದೆ ಅವತ್ತು," ಎನ್ನುತ್ತಾರೆ ಅಪ್ಪ.

ಸಹಾಯ ಸಿಕ್ಕಿತೆಂದು ಮಗು ಕಲಿಯಿತು. ಕಲಿಯಿತೆಂದು ಸಹಾಯ ಕಿತ್ತುಕೊಂಡರು. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಮೇಜಿನ ಆಚೆ ಕೂತವರಿಗೂ ಅರ್ಥವಾಗುತ್ತದೆ, ಗೊತ್ತಿದ್ದೇ ಮಾಡುತ್ತಾರೆ. ಈಗ ಹುಡುಗಿ ಗಂಟೆ ಹೊಡೆದರೆ ಬೆಂಚಿನ ಕೆಳಗೆ ಸೇರುತ್ತಾಳೆ. ಶಾಲೆಯಿಂದ ಫೋನು ಬರುತ್ತದೆ: ಬಂದು ಕರೆದುಕೊಂಡು ಹೋಗಿ. ತೊಳೆಯುತ್ತಿದ್ದ ಬಸ್ಸನ್ನು ಅರ್ಧಕ್ಕೆ ಬಿಟ್ಟು ಅಪ್ಪ ಓಡುತ್ತಾರೆ.

ದಾರಿ ಹೇಳಿಕೊಟ್ಟದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕ ಇನ್ನೊಬ್ಬ ತಾಯಿ. ಅವರು ಇಬ್ಬರು ಗಂಡುಮಕ್ಕಳನ್ನು ಇಂಥ ಮೀಟಿಂಗುಗಳನ್ನು ದಾಟಿಸಿದವರು. "ಅಣ್ಣ, ನೀವು ಮಗೂನ ಮದುವೆ ಮನೆಗೆ ಕರ್ಕೊಂಡು ಹೋದ ಹಾಗೆ ಹೋಗಿದೀರ. ಅಲ್ಲಿಗೆ ನಿದ್ದೆ ಕೆಡಿಸಿ ಕರ್ಕೊಂಡು ಹೋಗ್ಬೇಕು. ಹೊಟ್ಟೆ ಖಾಲಿ ಇರ್ಬೇಕು. ಬೈಕೊಳ್ಳಿ ನನ್ನ, ಆದ್ರೆ ಅವರಿಗೆ ಅರ್ಥ ಆಗೋ ಭಾಷೆ ಅದೊಂದೇ." ಇದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. "ಕಲಿಸಿದ್ದೂ ನೀವೇ, ಮರೆಸೋದೂ ನೀವೇ. ನನ್ನನ್ನೇನೂ ಕೇಳ್ಬೇಡಿ."

ಮುಖ್ಯೋಪಾಧ್ಯಾಯಿನಿಯ ಕೋಣೆ. ಉದ್ದ ಮೇಜಿನ ಆ ಕಡೆ ಅಧಿಕಾರಿ, ಮನಶ್ಶಾಸ್ತ್ರಜ್ಞೆ, ಮುಖ್ಯೋಪಾಧ್ಯಾಯಿನಿ, ತರಗತಿಯ ಟೀಚರು. ಈ ಕಡೆ ಎರಡೇ ಪ್ಲಾಸ್ಟಿಕ್ ಕುರ್ಚಿ. ಫ್ಯಾನು ಕಟಕಟ ಸದ್ದು ಮಾಡುತ್ತಿದೆ. ಹುಡುಗಿ ಆಗಲೇ ಕಿವಿ ಮುಚ್ಚಿಕೊಂಡಿದ್ದಾಳೆ. ಡಿಪೋದಿಂದ ನೇರ ಬಂದ ಅಪ್ಪನ ಪ್ಯಾಂಟಿನಿಂದ ಇಳಿದ ನೀರು ನೆಲದ ಮೇಲೆ ಗುರುತು ಮಾಡಿದೆ.

"ತಾಯಿ ಬಂದಿಲ್ವಾ?" ಎನ್ನುತ್ತಾರೆ ಅಧಿಕಾರಿ.

"ಡ್ಯೂಟಿ ಸಾರ್."

ಮನಶ್ಶಾಸ್ತ್ರಜ್ಞೆ ಕೆಂಪು ಕಾರ್ಡು ತೋರಿಸುತ್ತಾರೆ. ಇದ್ಯಾವ ಬಣ್ಣ ಪುಟ್ಟಿ? ಉತ್ತರವಿಲ್ಲ. ಇವತ್ತು ಯಾವ ವಾರ? ಇಲ್ಲ. ಪುಸ್ತಕ ಮುಂದಿಟ್ಟಾಗ ಅವಳು ಅದನ್ನು ನೆಲಕ್ಕೆ ತಳ್ಳಿ, ಮೇಜಿಗೆ ಹಣೆ ಕುಟ್ಟಿಕೊಳ್ಳುತ್ತ ಅಳತೊಡಗುತ್ತಾಳೆ. ಅಪ್ಪ ಹಣೆಗೂ ಮೇಜಿಗೂ ನಡುವೆ ಅಂಗೈ ಇಡುತ್ತಾರೆ. ಅಳು ನಿಲ್ಲುವವರೆಗೂ ಆ ಕೈ ಅಲ್ಲೇ ಇರುತ್ತದೆ. ಅವರು ಅಂದುಕೊಂಡದ್ದೆಲ್ಲ ಅಂದುಕೊಂಡ ಹಾಗೇ ಆಗುತ್ತಿದೆ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. "ಹೋದ ವರ್ಷಕ್ಕೆ ಹೋಲಿಸಿದ್ರೆ ತುಂಬಾ ಇಳಿದುಬಿಟ್ಟಿದೆ. ಇಷ್ಟು ತೀವ್ರ ಇದ್ರೆ ಮಾಮೂಲಿ ಶಾಲೆಯಲ್ಲಿ ಇಟ್ಕೊಳ್ಳೋದೇ ಕಷ್ಟ. ಇಂಥವರಿಗೇ ಅಂತ ಪ್ರತ್ಯೇಕ ವಸತಿ ಶಾಲೆ ಇದೆಯಲ್ಲ."

ಆ ವಸತಿ ಶಾಲೆ ಊರಾಚೆ ಇದೆ. ಅಲ್ಲಿ ಓದು ಕಲಿಸುವುದಿಲ್ಲ, ಮಕ್ಕಳನ್ನು ನೋಡಿಕೊಳ್ಳುತ್ತಾರೆ ಅಷ್ಟೇ. ಕಾರಿಡಾರಿನ ತಾಯಿ ಈ ಒಂದು ಮಾತು ಹೇಳಿರಲಿಲ್ಲ. ಗೆದ್ದರೆ ಜೊತೆ ಅಕ್ಕ ಇಲ್ಲ, ಪೂರ್ತಿ ಸೋತರೆ ಶಾಲೆಯೇ ಇಲ್ಲ. ಮಗು ಇವರಿಗೆ ಬೇಕಾದ ಹದಕ್ಕೇ ಸೋಲಬೇಕು.

"ಇಲ್ಲ ಸಾರ್, ಅವಳು ಓದ್ತಾಳೆ," ಅಪ್ಪ ಅರ್ಧ ಎದ್ದುಬಿಡುತ್ತಾರೆ. "ಚೆನ್ನಾಗಿ ಓದ್ತಾಳೆ. ಇವತ್ತು ನಿದ್ದೆ ಇಲ್ಲ ಅವಳಿಗೆ, ಅದಕ್ಕೆ..."

"ಎಲ್ಲಾ ಅಪ್ಪಂದಿರೂ ಹೀಗೇ ಹೇಳೋದು."

ನಿದ್ದೆ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಪ್ಪ ಹೇಳಿಬಿಡುತ್ತಿದ್ದರೇನೋ. ಅಪ್ಪ ತರಗತಿಯ ಟೀಚರನ್ನು ನೋಡುತ್ತಾರೆ. ಟೀಚರು ಮುಖ್ಯೋಪಾಧ್ಯಾಯಿನಿಯನ್ನು ನೋಡುತ್ತಾರೆ. ಕೊನೆಗೆ ಮೇಜಿಗೇ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಾರೆ: "ಓದ್ತಾಳೆ ಸಾರ್. ಜೊತೆಗೆ ಯಾರಾದ್ರೂ ಇದ್ರೆ ಓದ್ತಾಳೆ. ನಾನು ನೋಡಿದೀನಿ."

ಅಧಿಕಾರಿ ಗಡಿಯಾರ ನೋಡಿಕೊಂಡು ಬರೆಯುತ್ತಾರೆ. ಒಂದು ವರ್ಷಕ್ಕೆ ಸಹಾಯಕಿ. ಆಮೇಲೆ ಮತ್ತೆ ಮೀಟಿಂಗು. ಸುಧಾರಿಸಿದರೆ ಸಹಾಯಕಿ ರದ್ದು, ಸುಧಾರಿಸದಿದ್ದರೆ ವಸತಿ ಶಾಲೆ. ಅಪ್ಪ ಸಹಿ ಹಾಕುತ್ತಾರೆ. ಮುಖ್ಯೋಪಾಧ್ಯಾಯಿನಿ ಕೈ ಮುಗಿದು, "ನಿಮ್ಮ ಸಹಕಾರಕ್ಕೆ ಧನ್ಯವಾದ," ಎನ್ನುತ್ತಾರೆ.

ಶಾಲೆಯ ಗೇಟಿನೆದುರು ಬೇಕರಿ. ಅಪ್ಪ ಎರಡು ಬನ್ನು, ಒಂದು ಲೋಟ ಬಿಸಿ ಹಾಲು ಕೊಡಿಸುತ್ತಾರೆ. ಮೊದಲ ಬನ್ನು ಎರಡೇ ತುತ್ತಿಗೆ ಮುಗಿಯುತ್ತದೆ. ಎರಡನೆಯದರ ನಡುವೆ ಹುಡುಗಿ ತಲೆ ಎತ್ತಿ ಗೋಡೆ ನೋಡುತ್ತಾಳೆ. "ಸಾಲ ಕೇಳಬೇಡಿ," ಎಂದು ಓದುತ್ತಾಳೆ. "ಕೈ ತೊಳೆಯುವ ಜಾಗ." ಆಮೇಲೆ ಗಾಜಿನ ಡಬ್ಬಿಗಳ ಮೇಲಿನ ಚೀಟಿಗಳನ್ನೆಲ್ಲ ಸಾಲಾಗಿ, ತಡವರಿಸದೆ. ಬೇಕರಿಯವನು ಕೌಂಟರಿನಾಚೆಯಿಂದ ನಗುತ್ತಾನೆ. "ಮಗಳು ಜೋರಾಗಿದಾಳಲ್ಲ ಯಜಮಾನ್ರೇ. ಯಾವ ಕ್ಲಾಸು?"

ಅಪ್ಪ ಮಗಳ ಬಾಯಿಯ ಸುತ್ತ ಅಂಟಿದ ಹಾಲನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. ಅವಳು ಅವರ ತೋಳಿಗೆ ಒರಗಿ ಕಣ್ಣು ಮುಚ್ಚುತ್ತಾಳೆ. ಈ ಸಲ ಅವರು ಎಬ್ಬಿಸುವುದಿಲ್ಲ.

"ಮುಂದಿನ ವರ್ಷಾನೂ ಕರೀತಾರೆ," ಎನ್ನುತ್ತಾರೆ ಅಪ್ಪ. "ನಂಗೆ ದೊಡ್ಡ ಆಸೆ ಏನಿಲ್ಲ. ಒಂದು ಸಲ, ಒಂದೇ ಒಂದು ಸಲ, ಅವಳನ್ನ ಚೆನ್ನಾಗಿ ಮಲಗಿಸಿ, ಹೊಟ್ಟೆ ತುಂಬ ತಿನ್ನಿಸಿ, ತಲೆ ಬಾಚಿ ಆ ರೂಮಿಗೆ ಕರ್ಕೊಂಡು ಹೋಗ್ಬೇಕು. ಭಯ ಇಲ್ದೆ."